ಗುಳಿಗೆ ಗೊಬ್ಬರದಲ್ಲಿ ಜೀವಾಣುಗಳು ಎಲ್ಲಿ ಸಾಯುತ್ತಿವೆ?

ಕುಂದಗೋಳದ ಗೊಬ್ಬರ ಘಟಕ | ಏಪ್ರಿಲ್ 9

ಎಲ್ಲರಿಗೂ ನಮಸ್ಕಾರ. ಕುಂದಗೋಳ ತಾಲೂಕಿನ ಹಳ್ಳಿಯೊಂದರಲ್ಲಿ ನಾವು ನಾಲ್ವರು ಕೂಡಿ ಸಾವಯವ ಗೊಬ್ಬರದ ಸಣ್ಣ ಘಟಕ ನಡೆಸುತ್ತಿದ್ದೇವೆ. ತಿಪ್ಪೆ ಗೊಬ್ಬರ, ಸಕ್ಕರೆ ಕಾರ್ಖಾನೆಯಿಂದ ತಂದ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಮತ್ತು ಗೋವಿನಜೋಳದ ದಂಟಿನ ಚೂರುಗಳನ್ನು ಕೊಳೆಸಿ, ಜರಡಿ ಹಿಡಿದು, ಬೇವಿನ ಹಿಂಡಿ ಕೂಡಿಸಿ, ಕೊನೆಗೆ ಗಾಳಿಯ ಸಾರಜನಕ ಹಿಡಿಯುವ ಅಜೋಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಹಾಗೂ ರೋಗದ ಶಿಲೀಂಧ್ರಗಳನ್ನು ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಬೆರೆಸಿ ಯಂತ್ರದಲ್ಲಿ ಗುಳಿಗೆ ಒತ್ತುತ್ತೇವೆ. ಗುಳಿಗೆಯಾದರೆ ಗಾಳಿಗೆ ಹಾರುವುದಿಲ್ಲ, ಕೂರಿಗೆಯಲ್ಲಿ ಸಲೀಸಾಗಿ ಇಳಿಯುತ್ತದೆ ಎಂದು ರೈತರು ಅದನ್ನೇ ಕೇಳುತ್ತಾರೆ. ಚೀಲದ ಮೇಲೆ "ಉಪಯುಕ್ತ ಜೀವಾಣುಗಳಿಂದ ಸಮೃದ್ಧ" ಎಂದು ಅಚ್ಚು ಹಾಕಿಸಿದ್ದೇವೆ.

ಈ ಸಲ ಗಿರಾಕಿಯೊಬ್ಬರು ಪರೀಕ್ಷಾ ವರದಿ ಕೇಳಿದ್ದರಿಂದ ಖಾಸಗಿ ಪ್ರಯೋಗಾಲಯವೊಂದಕ್ಕೆ ಮಾದರಿ ಕಳುಹಿಸಿದೆವು. ವರದಿ ಬಂದ ದಿನ ನಾಲ್ವರೂ ಮಾತಿಲ್ಲದೆ ಕುಳಿತೆವು. ಅಜೋಟೋಬ್ಯಾಕ್ಟರ್ ಕಂಡುಬಂದಿಲ್ಲ, ಟ್ರೈಕೋಡರ್ಮಾ ಗ್ರಾಮಿಗೆ ಕೆಲವು ನೂರು ಮಾತ್ರ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಮಾತ್ರ ಗ್ರಾಮಿಗೆ 30 ಲಕ್ಷ ಎಂದು ಅದರಲ್ಲಿತ್ತು. ನಾವು ಹಾಕುವ ಜೀವಾಣು ಹಳೆಯದಲ್ಲ, ತಾರೀಖು ನೋಡಿಯೇ ತರುತ್ತೇವೆ. ಹಾಗಿದ್ದರೆ ಇವು ಸಾಯುತ್ತಿರುವುದು ಎಲ್ಲಿ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ನಿವೃತ್ತ ಪ್ರಯೋಗಾಲಯ ಸಹಾಯಕ, ಧಾರವಾಡ | ಏಪ್ರಿಲ್ 9

ವರದಿ ಕೆಟ್ಟದಾಗಿ ಬಂದರೂ ಅದನ್ನು ಮುಚ್ಚಿಡದೆ ಇಲ್ಲಿ ಇಟ್ಟಿದ್ದೀರಿ, ಅದಕ್ಕೆ ಮೊದಲು ಮೆಚ್ಚುಗೆ. ಉತ್ತರ ಹೇಳುವ ಮೊದಲು ನಾಲ್ಕೈದು ಸಂಗತಿ ತಿಳಿಯಬೇಕು. ಒಂದು ಟನ್ನಿಗೆ ಎಷ್ಟು ಜೀವಾಣು ಹಾಕುತ್ತೀರಿ? ಬೆರೆಸಿದ ಎಷ್ಟು ಹೊತ್ತಿಗೆ ಗುಳಿಗೆ ಒತ್ತುತ್ತೀರಿ? ಯಂತ್ರದ ಅಚ್ಚಿನಿಂದ ಹೊರಬೀಳುವ ಗುಳಿಗೆಯ ಬಿಸಿ ಎಷ್ಟು? ಎಲ್ಲಿ ಒಣಗಿಸುತ್ತೀರಿ, ಎಂತಹ ಚೀಲದಲ್ಲಿ ತುಂಬುತ್ತೀರಿ, ಎಲ್ಲಿ ಇಡುತ್ತೀರಿ?

ಬಿಸಿ ಅಳೆಯಲು ಗುಳಿಗೆಯ ರಾಶಿಗೆ ಥರ್ಮಾಮೀಟರ್ ಚುಚ್ಚಬೇಡಿ, ಗಾಳಿ ಆಡಿ ತಪ್ಪು ಅಂಕಿ ಬರುತ್ತದೆ. ಚಹಾ ಒಯ್ಯುವ ಫ್ಲಾಸ್ಕನ್ನು ಅಚ್ಚಿನ ಬಾಯಿಗೇ ಹಿಡಿದು ತುಂಬಿಸಿ, ನಡುವೆ ಥರ್ಮಾಮೀಟರ್ ನಿಲ್ಲಿಸಿ, ಬಾಯಿಗೆ ಬಟ್ಟೆ ತುರುಕಿ ಐದು ನಿಮಿಷ ಬಿಟ್ಟು ನೋಡಿರಿ.

ಕುಂದಗೋಳದ ಗೊಬ್ಬರ ಘಟಕ | ಏಪ್ರಿಲ್ 11

ಸರ್, ಹೇಳಿದಂತೆ ಮಾಡಿದೆವು. ಯಂತ್ರ ಚಾಲೂ ಮಾಡಿದ ಹತ್ತು ನಿಮಿಷಕ್ಕೆ 58 ಡಿಗ್ರಿ ಇತ್ತು, ಒಂದು ತಾಸು ಓಡಿದ ಮೇಲೆ 74 ಡಿಗ್ರಿ ತೋರಿಸಿತು. ಗುಳಿಗೆ ಬಿಸಿ ಇರುತ್ತದೆ ಎಂಬುದು ಕೈಗೆ ಗೊತ್ತಿತ್ತಾದರೂ ಇಷ್ಟು ಎಂದು ಅಂದುಕೊಂಡಿರಲಿಲ್ಲ.

ದ್ರವ ರೂಪದ ಅಜೋಟೋಬ್ಯಾಕ್ಟರ್ ಮತ್ತು ರಂಜಕದ ಬ್ಯಾಕ್ಟೀರಿಯಾವನ್ನು ಟನ್ನಿಗೆ ತಲಾ 2 ಲೀಟರ್, ಟ್ರೈಕೋಡರ್ಮಾ ಪುಡಿಯನ್ನು 2 ಕಿಲೋ ಹಾಕುತ್ತೇವೆ. ಬೆರೆಸಿದ ಅರ್ಧ ತಾಸಿನಲ್ಲೇ ಒತ್ತುತ್ತೇವೆ. ಒಣಗಿಸುವುದು ಮೆಣಸಿನಕಾಯಿ ಹರಡುವ ಸಿಮೆಂಟಿನ ಕಣದ ಮೇಲೆ, ಬಿಸಿಲಿಗೆ. ಚೀಲಕ್ಕೆ ಒಳಗಡೆ ಪ್ಲಾಸ್ಟಿಕ್ ಪದರ ಇದೆ, ದಾಸ್ತಾನು ತಗಡಿನ ಶೆಡ್ಡಿನಲ್ಲಿದೆ.

ನಿವೃತ್ತ ಪ್ರಯೋಗಾಲಯ ಸಹಾಯಕ, ಧಾರವಾಡ | ಏಪ್ರಿಲ್ 12

ಸಾವು ಎಲ್ಲಿ ಎಂದು ನೀವು ಕೇಳಿದಿರಿ. ಒಂದು ಕಡೆ ಅಲ್ಲ. ಆದರೆ ಅದಕ್ಕಿಂತ ಮೊದಲು ಹುಟ್ಟಿನ ಲೆಕ್ಕವೇ ತಪ್ಪಿದೆ, ಅಲ್ಲಿಂದ ಆರಂಭಿಸುತ್ತೇನೆ.

ನಿಮ್ಮ ಬಾಟಲಿಯ ಮೇಲೆ ಮಿಲಿಲೀಟರಿಗೆ 10 ಕೋಟಿ ಎಂದಿರಬೇಕು, ದ್ರವ ಜೀವಾಣು ಗೊಬ್ಬರಕ್ಕೆ ಇರಬೇಕಾದ ಕನಿಷ್ಠ ಸಂಖ್ಯೆ ಅದು. ಎರಡು ಲೀಟರಿನಲ್ಲಿ 20,000 ಕೋಟಿ ಜೀವಾಣುಗಳಾದವು. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದು ಟನ್ ಎಂದರೆ 10 ಲಕ್ಷ ಗ್ರಾಮು. ಭಾಗಿಸಿ ನೋಡಿದರೆ ಗ್ರಾಮಿಗೆ ಬರುವುದು 2 ಲಕ್ಷ. ಒಂದೇ ಒಂದು ಜೀವಾಣು ಸಾಯದಿದ್ದರೂ ನಿಮ್ಮ ಗೊಬ್ಬರದಲ್ಲಿ ಇದಕ್ಕಿಂತ ಹೆಚ್ಚು ಇರಲು ಸಾಧ್ಯವಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2006ರಲ್ಲಿ ಜೀವಾಣು ಗೊಬ್ಬರಗಳನ್ನು ಸೇರಿಸಿದರು. ಆ ಆದೇಶದಂತೆ ಪುಡಿ ರೂಪದ ಜೀವಾಣು ಗೊಬ್ಬರದಲ್ಲಿ ಗ್ರಾಮಿಗೆ 5 ಕೋಟಿ ಇರಬೇಕು. ನಿಮ್ಮದು ಸಾವಯವ ಗೊಬ್ಬರವಾದ್ದರಿಂದ ಆ ಅಳತೆ ನಿಮಗೆ ನೇರವಾಗಿ ಅನ್ವಯಿಸುವುದಿಲ್ಲ, ಆದರೂ ಹೋಲಿಕೆಗಾಗಿ ನೋಡೋಣ: ಬರೀ ಸುರಿದೇ ಆ ಮಟ್ಟ ಮುಟ್ಟಬೇಕೆಂದರೆ ಟನ್ನಿಗೆ 500 ಲೀಟರ್ ಸುರಿಯಬೇಕು. ಟ್ರೈಕೋಡರ್ಮಾದ ಲೆಕ್ಕ ಇನ್ನೂ ಬಡವಾಗಿದೆ. ಪುಡಿಯಲ್ಲಿ ಗ್ರಾಮಿಗೆ 20 ಲಕ್ಷ ಎಂದು ಹಿಡಿದರೆ, 2 ಕಿಲೋ ಹಾಕಿದ ಒಂದು ಟನ್ನಿನಲ್ಲಿ ಗ್ರಾಮಿಗೆ 4,000 ಅಷ್ಟೇ.

ಇದರಿಂದ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ 2 ಲಕ್ಷ ಹಾಕಿದಲ್ಲಿ 30 ಲಕ್ಷ ಸಿಕ್ಕಿದ್ದು ಹೇಗೆ? ಅರ್ಧ ತಾಸಿನಲ್ಲಿ ಅವು ಹದಿನೈದು ಪಟ್ಟು ಬೆಳೆದಿರಲಾರವು. ಅವುಗಳಲ್ಲಿ ಹೆಚ್ಚಿನವು ನಿಮ್ಮ ತಿಪ್ಪೆಯಲ್ಲಿ ಮೊದಲೇ ಇದ್ದ ಬೆಸಿಲಸ್ ಜಾತಿಯವು ಎಂದು ನನ್ನ ಅಂದಾಜು. ಬೆಸಿಲಸ್ ಕಷ್ಟ ಬಂದಾಗ ಬೀಜಕವಾಗಿ ಗಟ್ಟಿಗೊಂಡು ಮಲಗಿಬಿಡುತ್ತದೆ. ಕೊಳೆಯುವ ರಾಶಿಯ 65 ಡಿಗ್ರಿಯನ್ನು ದಾಟಿ ಬಂದ ಆ ಬೀಜಕಕ್ಕೆ ನಿಮ್ಮ ಯಂತ್ರದ 74 ಡಿಗ್ರಿ ಲೆಕ್ಕಕ್ಕಿಲ್ಲ. ಪ್ರಯೋಗಾಲಯದವರು ಪಿಕೊವ್‌ಸ್ಕಾಯಾ ಮಾಧ್ಯಮದ, ಎಂದರೆ ಕರಗದ ರಂಜಕ ಬೆರೆಸಿದ ಜೀವಾಣು ಆಹಾರದ, ತಟ್ಟೆಯ ಮೇಲೆ ಹರಡಿ, ರಂಜಕ ಕರಗಿಸಿ ಸುತ್ತಲೂ ತಿಳಿ ವರ್ತುಲ ಬಿಟ್ಟ ವಸಾಹತುಗಳನ್ನು (ಕಣ್ಣಿಗೆ ಕಾಣುವಷ್ಟು ಬೆಳೆದ ಜೀವಾಣು ಗುಂಪುಗಳನ್ನು) ಎಣಿಸುತ್ತಾರೆ. ವರ್ತುಲ ಬಿಟ್ಟದ್ದು ನೀವು ಕೊಂಡು ತಂದದ್ದೋ, ತಿಪ್ಪೆಯದೇ ಮನೆಮಗನೋ ಎಂದು ತಟ್ಟೆ ಹೇಳುವುದಿಲ್ಲ.

ಇನ್ನು ಸಾವಿನ ವಿಷಯ. ಅಜೋಟೋಬ್ಯಾಕ್ಟರಿಗೂ ಒಂದು ಕವಚವಿದೆ, ಅದಕ್ಕೆ ಸಿಸ್ಟ್ ಎನ್ನುತ್ತಾರೆ, ಆದ್ದರಿಂದ ಅದೂ ಬದುಕಬೇಕಿತ್ತಲ್ಲ ಎಂದು ಓದಿಕೊಂಡವರು ಕೇಳಬಹುದು. ಆ ಕವಚ ಬರಗಾಲಕ್ಕೆ ಕಟ್ಟಿಕೊಂಡದ್ದು, ಬೆಂಕಿಗೆ ಅಲ್ಲ. ಒಣಗುವುದನ್ನು ಅದು ತಡೆದುಕೊಳ್ಳುತ್ತದೆ, 70 ಡಿಗ್ರಿಯನ್ನು ತಡೆಯುವುದಿಲ್ಲ. ಟ್ರೈಕೋಡರ್ಮಾದ ಹಸಿರು ಬೀಜಕಗಳೂ 25ರಿಂದ 30 ಡಿಗ್ರಿಯಲ್ಲಿ ಹಿಗ್ಗುವಂತಹವು, 60ರ ಮೇಲೆ ಅವುಗಳ ಆಟ ಮುಗಿಯುತ್ತದೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಕಾಸಿದ ಹಾಲು ಬೆರಳಿಗೆ ಉಗುರು ಬೆಚ್ಚಗೆ ಹತ್ತುವವರೆಗೆ ಹೆಪ್ಪು ಹಾಕುವುದಿಲ್ಲ. ನೀವು ಹಾಲಿಗೆ ಮೊದಲು ಹೆಪ್ಪು ಹಾಕಿ ಆಮೇಲೆ ಒಲೆಯ ಮೇಲೆ ಇಟ್ಟಿದ್ದೀರಿ.

ಮುಂಡರಗಿಯ ಎರೆಗೊಬ್ಬರದವರು | ಏಪ್ರಿಲ್ 12

ಸರ್ ಹೇಳಿದ ಲೆಕ್ಕ ಓದಿ ನನ್ನ ಹಳೆಯ ತಪ್ಪೊಂದು ನೆನಪಾಯಿತು. ಮೊದಲ ವರ್ಷ ನಾನು ಹಸಿ ಸಗಣಿ, ಹೆಸರಿನ ಹೊಟ್ಟು, ಶೇಂಗಾ ಬಳ್ಳಿ ಎಲ್ಲ ಒಟ್ಟಿದ ದಿನವೇ ಟ್ರೈಕೋಡರ್ಮಾ ಪೊಟ್ಟಣ ಒಡೆದು ಸುರಿದಿದ್ದೆ. ರಾಶಿ ನಾಲ್ಕನೆಯ ದಿನಕ್ಕೆ ಕಾಯಿತು. ಒಳಗೆ ಚುಚ್ಚಿಟ್ಟ ಕಬ್ಬಿಣದ ಸಲಾಕೆಯನ್ನು ಎಳೆದು ಹಿಡಿದರೆ ಅಂಗೈ ಸುಡುತ್ತಿತ್ತು. ಪೊಟ್ಟಣದ ದುಡ್ಡು ಅಲ್ಲಿಗೆ ಹೋಯಿತು.

ಹಾಗೆಂದು ಆ ಕಾವು ಬೇಡವೆಂದಲ್ಲ. ಕಳೆಯ ಬೀಜ, ರೋಗದ ಬೀಜ ಸಾಯಬೇಕಾದರೆ ರಾಶಿ 55 ಡಿಗ್ರಿಯ ಮೇಲೆ ಕೆಲವು ದಿನ ನಿಲ್ಲಲೇಬೇಕು, ಹೊರಗಿನದು ಒಳಗೆ ಬರುವಂತೆ ತಿರುವಿ ಹಾಕಲೇಬೇಕು. ಈಗ ನಾನು ಮಾಡುವುದು ಇಷ್ಟು: ರಾಶಿ ಕಾದು, ಎರಡು ಸಲ ತಿರುವಿದ ಮೇಲೂ ಮತ್ತೆ ಕಾಯದೆ ಆರಿದಾಗ, ಸಲಾಕೆಯನ್ನು ನಿಶ್ಚಿಂತೆಯಿಂದ ಹಿಡಿಯುವಂತಾದಾಗ ಎರೆಹುಳುವಿನ ತೊಟ್ಟಿಗೆ ತುಂಬುತ್ತೇನೆ. ಹುಳುಗಳು 35 ಡಿಗ್ರಿ ದಾಟಿದರೆ ತೊಟ್ಟಿ ಬಿಟ್ಟು ಓಡುತ್ತವೆ ಇಲ್ಲವೇ ಸಾಯುತ್ತವೆ, ಆದ್ದರಿಂದ ಅವೇ ನನ್ನ ಥರ್ಮಾಮೀಟರ್. ಹುಳು ತೆಗೆದು ಜರಡಿ ಹಿಡಿದ ನಂತರ, ನೆರಳಿನಲ್ಲಿ, ಜೀವಾಣು ಸೇರಿಸುತ್ತೇನೆ.

ಒಂದು ಮಾತು ಕೂಡಿಸುತ್ತೇನೆ. ನಮ್ಮ ಕಡೆ ಕೆಲವು ಬೋರಿನ ನೀರು ಸವಳು. ಅಂತಹ ನೀರನ್ನೇ ಬೇಸಿಗೆಯುದ್ದಕ್ಕೂ ರಾಶಿಗೆ ಹೊಡೆದರೆ ನೀರು ಆವಿಯಾಗಿ ಉಪ್ಪು ಗೊಬ್ಬರದಲ್ಲೇ ಉಳಿಯುತ್ತದೆ. ಉಪ್ಪಿನಕಾಯಿ ಕೆಡದಿರಲು ಕಾರಣವೇನೋ, ಅದೇ ಕಾರಣಕ್ಕೆ ಅಲ್ಲಿ ಜೀವಾಣು ಬಾಳುವುದಿಲ್ಲ.

ನರಗುಂದದ ತಿಪ್ಪೆಯವರು | ಏಪ್ರಿಲ್ 13

ಎಲ್ಲರೂ ಹಿರಿಯರು, ತಿಳಿದವರು ಇದ್ದೀರಿ. ಆದರೂ ಒಂದು ಮಾತು ಕೇಳದೆ ಇರಲಾರೆ. ತಿಪ್ಪೆಯ ಒಂದು ಹಿಡಿಯಲ್ಲಿಯೇ ಎಣಿಸಲಾಗದಷ್ಟು ಜೀವಾಣು ಇವೆ ಎಂದು ನೀವೇ ಹೇಳುತ್ತೀರಿ. 30 ಲಕ್ಷ ಸಿಕ್ಕಿದ್ದು ತಿಪ್ಪೆಯ ಮನೆಮಗನಿಂದ ಎಂದೂ ಹೇಳಿದಿರಿ. ಹಾಗಾದರೆ ಬಾಟಲಿಯಿಂದ ಇನ್ನೂ 2 ಲಕ್ಷ ಸುರಿಯುವುದು ಏತಕ್ಕೆ? ನಮ್ಮ ಎರಿ ಹೊಲಕ್ಕೆ ಅಜ್ಜ ಹಾಕಿದ್ದು ತಿಪ್ಪೆ ಗೊಬ್ಬರ, ಅಪ್ಪ ಹಾಕಿದ್ದು ತಿಪ್ಪೆ ಗೊಬ್ಬರ, ನಾನೂ ಅದನ್ನೇ ಹಾಕುತ್ತೇನೆ. ಬಾಟಲಿ ಮಾರುವವರಿಗೆ ಬಿಟ್ಟು ಇದರಿಂದ ಯಾರಿಗೆ ಲಾಭವೆಂದು ನನಗೆ ತಿಳಿಯದು.

ನಿವೃತ್ತ ಪ್ರಯೋಗಾಲಯ ಸಹಾಯಕ, ಧಾರವಾಡ | ಏಪ್ರಿಲ್ 13

ನಿಮ್ಮ ಪ್ರಶ್ನೆಗೆ ಅರ್ಧ ಒಪ್ಪುತ್ತೇನೆ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರದ ಸಾಮಾನ್ಯ ಕೆಲಸಕ್ಕೆ ಹೊರಗಿನ ಜೀವಾಣು ಬೇಕಿಲ್ಲ. ಆದರೆ ತಿಪ್ಪೆಯಲ್ಲಿ ಏನೋ ಇದೆ ಎನ್ನುವುದಕ್ಕೂ ಬೇಕಾದದ್ದೇ ಇದೆ ಎನ್ನುವುದಕ್ಕೂ ವ್ಯತ್ಯಾಸವಿದೆ. ಕಡಲೆಯ ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ ಬೇರೆ, ಸೋಯಾ ಅವರೆಗೆ ಬೇರೆ, ಹೆಸರು ಮತ್ತು ಅಲಸಂದೆಯ ಗುಂಪಿಗೆ ಬೇರೆ. ಸೋಯಾ ಎಂದೂ ಬೆಳೆಯದ ಹೊಲದಲ್ಲಿ ಅದರ ರೈಜೋಬಿಯಂ ಸಾಕಷ್ಟು ಇರುವ ಸಂಭವ ಕಡಿಮೆ. ಅಲ್ಲಿ ಬೀಜಕ್ಕೆ ಲೇಪಿಸಿದರೆ ಗಂಟುಗಳನ್ನು ಕಣ್ಣಾರೆ ಎಣಿಸಬಹುದು. ಬೇರು ಕೊಳೆ ರೋಗ ಕಾಡುವ ಹೊಲಕ್ಕೆ ಟ್ರೈಕೋಡರ್ಮಾ ಬೆಳೆಸಿದ ಗೊಬ್ಬರ ಹಾಕಿದರೂ ಹಾಗೆಯೇ. ಗುರಿ ಇಟ್ಟು ಹಾಕಿದರೆ ಅರ್ಥವಿದೆ, ಚೀಲದ ಮೇಲೆ ಬರೆಯಲೆಂದು ಹಾಕಿದರೆ ನೀವು ಹೇಳಿದ್ದೇ ಸರಿ.

ಹಾನಗಲ್ಲಿನ ಶುಂಠಿ ಬೆಳೆಗಾರ್ತಿ | ಏಪ್ರಿಲ್ 14

ಟ್ರೈಕೋಡರ್ಮಾದ ಮಾತು ಬಂದಿದ್ದರಿಂದ ನಾನು ಮಾಡುವ ಕ್ರಮ ಬರೆಯುತ್ತೇನೆ. ಶುಂಠಿಯ ಗಡ್ಡೆ ಕೊಳೆಯಿಂದ ಒಂದು ವರ್ಷ ಅರ್ಧ ಮಡಿ ಕಿತ್ತು ಎಸೆದ ಮೇಲೆ ಇದನ್ನು ಕಲಿತೆ.

ಮಾವಿನ ಗಿಡದ ಬುಡದಲ್ಲಿ, ಮಧ್ಯಾಹ್ನವೂ ಬಿಸಿಲು ಬೀಳದ ಜಾಗದಲ್ಲಿ, ಚೆನ್ನಾಗಿ ಕಳಿತ 100 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮಾ ಪುಡಿ ಬೆರೆಸಿ, ಮೊಣಕಾಲು ಎತ್ತರ ಮೀರದಂತೆ ಹರಡುತ್ತೇನೆ. ಎತ್ತರವಾದರೆ ಒಳಗೆ ಮತ್ತೆ ಕಾಯುತ್ತದೆ. ಹದ ನೋಡುವುದು ಮುಷ್ಟಿಯಿಂದ: ಹಿಡಿದು ಹಿಂಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು, ಉಂಡೆಯನ್ನು ಹೆಬ್ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಮೇಲೆ ಒದ್ದೆ ಗೋಣಿ ತಟ್ಟು ಮುಚ್ಚುತ್ತೇನೆ, ಪ್ಲಾಸ್ಟಿಕ್ ಹಾಳೆಯನ್ನಲ್ಲ. ನಾಲ್ಕು ದಿನಕ್ಕೊಮ್ಮೆ ಕೈಯಾಡಿಸಿ, ಮೇಲೆ ಒಣಗಿದ್ದರೆ ನೀರು ಚಿಮುಕಿಸುತ್ತೇನೆ. ಹದಿನೈದು ದಿನಕ್ಕೆ ಗೊಬ್ಬರದ ಹೆಂಟೆ ಒಡೆದು ನೋಡಿದರೆ ಒಳಗೆಲ್ಲ ಹಸಿರು ಹೊದ್ದಿರುತ್ತದೆ, ಹಸಿ ಕೊಬ್ಬರಿಯಂತಹ ವಾಸನೆ ಬರುತ್ತದೆ.

ಒಮ್ಮೆ ಬಿಸಿ ಆರದ ರಾಶಿಯಲ್ಲಿ ಬೂದಿ ಚೆಲ್ಲಿದಂತೆ ಬಿಳಿಯ ಪದರ ಕಂಡು, ಟ್ರೈಕೋಡರ್ಮಾ ಹಿಡಿಯಿತೆಂದು ಖುಷಿಪಟ್ಟು ಅದನ್ನೇ ಹೊಲಕ್ಕೆ ಹಾಕಿಬಿಟ್ಟಿದ್ದೆ. ಅದು ಆಕ್ಟಿನೋಮೈಸಿಟೀಸ್, ಕಾವಿನಲ್ಲಿ ಬೆಳೆಯುವ ಬೇರೆ ಜೀವಿ ಎಂದು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ತಿಳಿಯಿತು. ಕೆಟ್ಟದ್ದಲ್ಲವಂತೆ, ಮೊದಲ ಮಳೆಯ ಮಣ್ಣಿನ ವಾಸನೆ ಆ ಗುಂಪಿನವುಗಳದ್ದೇ ಅಂತೆ. ಆದರೆ ನನ್ನ ಕೆಲಸಕ್ಕೆ ಬೇಕಿದ್ದು ಅದಲ್ಲ.

ನಿವೃತ್ತ ಪ್ರಯೋಗಾಲಯ ಸಹಾಯಕ, ಧಾರವಾಡ | ಏಪ್ರಿಲ್ 14

ಅಕ್ಕಾವ್ರು ಬರೆದ ಮುಷ್ಟಿಯ ಹದವನ್ನು ಕುಂದಗೋಳದವರು ಗೋಡೆಯ ಮೇಲೆ ಬರೆದಿಡಬೇಕು. ನೀವು ಸುರಿಯುತ್ತಿದ್ದೀರಿ, ಅವರು ಬೆಳೆಸುತ್ತಿದ್ದಾರೆ. 100 ಕಿಲೋಗೆ 1 ಕಿಲೋ ಹಾಕಿದಾಗ ಅವರದೂ ಗ್ರಾಮಿಗೆ 20,000ದಿಂದಲೇ ಆರಂಭವಾಗುತ್ತದೆ. ಮುಂದಿನದ್ದನ್ನು ನೆರಳು, ಹದ ಮತ್ತು ಹದಿನೈದು ದಿನ ಮಾಡುತ್ತವೆ. ಒಂದು ಎಚ್ಚರಿಕೆ ಮಾತ್ರ ಇದೆ. ಹಸಿರಾಗಿದ್ದೆಲ್ಲ ಟ್ರೈಕೋಡರ್ಮಾ ಅಲ್ಲ. ರೊಟ್ಟಿ, ಲಿಂಬೆಹಣ್ಣಿನ ಮೇಲೆ ಬರುವ ಪೆನಿಸಿಲಿಯಂ ಕೂಡ ಹಸಿರೇ. ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿರಿ.

ಈಗ ಕುಂದಗೋಳದವರ ನಿಜವಾದ ಇಕ್ಕಟ್ಟನ್ನು ಹೇಳುತ್ತೇನೆ. ಗುಳಿಗೆ ಬೂಷ್ಟು ಹಿಡಿಯದೆ, ಪುಡಿಯಾಗದೆ ಉಳಿಯಬೇಕೆಂದರೆ ಅದು ಒಣಗಿರಬೇಕು. ಪುಡಿ ರೂಪದ ಜೀವಾಣು ಗೊಬ್ಬರದಲ್ಲಿ 30ರಿಂದ 40 ಶೇಕಡಾ ತೇವ ಇರಬೇಕೆಂದು ನಿಯಮವೇ ಹೇಳುತ್ತದೆ. ಎರಡೂ ಒಂದೇ ಚೀಲದಲ್ಲಿ ಸಂಸಾರ ಮಾಡುವುದಿಲ್ಲ. ಗುಳಿಗೆ ಒತ್ತಿ, ಪೂರ್ತಿ ಆರಿಸಿ, ನಂತರ ತಿರುಗುವ ಪೀಪಾಯಿಯಲ್ಲಿ ಜೀವಾಣು ದ್ರವವನ್ನು ತೆಳು ಬೆಲ್ಲದ ನೀರಿನೊಡನೆ ಸಿಂಪಡಿಸಿ ನೆರಳಿನಲ್ಲಿ ಒಣಗಿಸುವುದು ಒಂದು ದಾರಿ. ಅದರಿಂದ ಕಾವಿನ ಸಾವು ತಪ್ಪುತ್ತದೆ, ಒಣಗುವಾಗಿನ ಸಾವು ತಪ್ಪುವುದಿಲ್ಲ. ಬೀಜಕ ಕಟ್ಟುವ ಬೆಸಿಲಸ್ ಜಾತಿಗಳನ್ನಷ್ಟೇ ಗುಳಿಗೆಗೆ ಬಳಸುವುದು ಎರಡನೆಯದು. ನಿಮ್ಮ ರಂಜಕದ ಬಾಟಲಿಯಲ್ಲಿ ಬೆಸಿಲಸ್ ಮೆಗಟೀರಿಯಂ ಇದೆಯೋ, ಬೀಜಕ ಕಟ್ಟದ ಸುಡೋಮೊನಾಸ್ ಇದೆಯೋ ಲೇಬಲ್ ಓದಿರಿ. ಮೂರನೆಯ ದಾರಿ ವ್ಯಾಪಾರಿಗಳಿಗೆ ಹಿಡಿಸುವುದಿಲ್ಲ. ಗುಳಿಗೆ ಬೇಡ, ಹಸಿ ಹದದ ಪುಡಿ ಗೊಬ್ಬರದಲ್ಲಿ ಜೀವಾಣು ಬೆಳೆಸಿ ಬಿತ್ತನೆಯ ಮುಂಚೆ ಸುತ್ತಲಿನ ಹಳ್ಳಿಗಳಿಗೆ ಕೊಡಿರಿ. ಗುಳಿಗೆಯೇ ಬೇಕೆಂದವರಿಗೆ ಬರೀ ಗುಳಿಗೆಯನ್ನೂ ಬೇರೆ ಬಾಟಲಿಯನ್ನೂ ಕೊಟ್ಟು, ಬಾಟಲಿಯನ್ನು ಅವರ ತಿಪ್ಪೆಯಲ್ಲೇ ಬೆಳೆಸಲು ಹೇಳಿರಿ.

ಹುಬ್ಬಳ್ಳಿಯ ಅಂಗಡಿಯವರು | ಏಪ್ರಿಲ್ 15

ವ್ಯಾಪಾರಿಗಳ ಪರವಾಗಿ ನಾನೂ ಒಂದಿಷ್ಟು ಬರೆಯಲೇಬೇಕು. ಗಿರಾಕಿ ಒಂದೇ ಚೀಲ ಕೇಳುತ್ತಾನೆ ಎಂಬುದು ನಿಜ. ಆದರೆ ಸಾವು ಘಟಕದ ಬಾಗಿಲಿನಲ್ಲಿ ನಿಲ್ಲುವುದಿಲ್ಲ ಎಂಬುದನ್ನು ನಾನು ಕಂಡಿದ್ದೇನೆ. ಎರಡು ವರ್ಷದ ಹಿಂದೆ ಒಂದು ಕಂಪನಿಯ ಜೀವಾಣು ಪೊಟ್ಟಣಗಳು ಮೇ ತಿಂಗಳಲ್ಲಿ ತೆರೆದ ಲಾರಿಯಲ್ಲಿ, ರಸಗೊಬ್ಬರದ ಚೀಲಗಳ ನಡುವೆ, ಮೂರು ದಿನ ಪ್ರಯಾಣ ಮಾಡಿ ನನ್ನ ಅಂಗಡಿಗೆ ಬಂದವು. ಪೊಟ್ಟಣಗಳು ಉಬ್ಬಿದ್ದವು, ಕತ್ತರಿಸಿದರೆ ಹುಳಿ ನಾತ. ತಾರೀಖು ಮಾತ್ರ ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು. ವಾಪಸು ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಜೀವಾಣು ದಾಸ್ತಾನನ್ನು ಮಾಳಿಗೆಯ ತಗಡಿನ ಕೋಣೆಯಲ್ಲಿ ಇಡುವುದಿಲ್ಲ. ಹಳೆಯ ಕಲ್ಲಿನ ಗೋಡೆಯ ಒಳಕೋಣೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ ಹಲಗೆ ಹಾಕಿ, ರಸಗೊಬ್ಬರ ಮತ್ತು ಔಷಧಿಗಳಿಂದ ದೂರ ಇಡುತ್ತೇನೆ. ಬಿತ್ತನೆಯ ಹಂಗಾಮಿಗೆ ಬೇಕಾದಷ್ಟೇ ತರಿಸುತ್ತೇನೆ. ಕುಂದಗೋಳದವರ ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಎರಡಕ್ಕೆ ಥಪ್ಪಿಯ ಮೇಲಿನ ಚೀಲದೊಳಗೆ ಥರ್ಮಾಮೀಟರ್ ಇಟ್ಟು ನೋಡಲು ಹೇಳುತ್ತೇನೆ. ನೀರಿನ ಮಾತೂ ಇದೆ. ಅವಳಿ ನಗರದ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಾಟಲಿಯ ದ್ರವವನ್ನು ಅದರಲ್ಲಿ ನೇರವಾಗಿ ಕಲಸಿದರೆ, ಜೀವಾಣು ಕೊಲ್ಲಲೆಂದೇ ಹಾಕಿದ ಔಷಧಿಗೆ ಜೀವಾಣುವನ್ನು ಒಪ್ಪಿಸಿದಂತೆ. ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಟ್ಟ ನೀರು ಬಳಸಿರೆಂದು ಎಲ್ಲರಿಗೂ ಹೇಳುತ್ತೇನೆ.

ರಾಣೆಬೆನ್ನೂರಿನ ಬೀಜೋತ್ಪಾದಕರು | ಏಪ್ರಿಲ್ 16

ಬಾಟಲಿ ಕೊಂಡು ಅದನ್ನು 200 ಲೀಟರಿನ ಪೀಪಾಯಿಯಲ್ಲಿ ಬೆಲ್ಲದ ನೀರು ಹಾಕಿ ಹೆಚ್ಚಿಸಿಕೊಂಡರೆ ಆ 500 ಲೀಟರಿನ ಲೆಕ್ಕ ಅಗ್ಗದಲ್ಲಿ ಮುಗಿಯುವುದಿಲ್ಲವೇ? ಜೀವಾಮೃತವನ್ನು ನಾವು ಹಾಗೆಯೇ ಮಾಡುತ್ತೇವೆ: 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ಬೇಳೆ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆ ಎರಡು ಸಲ ಕೋಲಿನಿಂದ ತಿರುಗಿಸಿದರೆ ಎರಡು ಮೂರು ದಿನಕ್ಕೆ ನೊರೆ ಬರುತ್ತದೆ.

ಇನ್ನೊಂದು ಅನುಭವ. ಕಾರ್ಬೆಂಡಾಜಿಮ್ ಲೇಪಿಸಿದ ಬೀಜಕ್ಕೆ ಮೇಲಿನಿಂದ ಟ್ರೈಕೋಡರ್ಮಾ ಹಚ್ಚಿ ಬಿತ್ತಿದವರನ್ನು ನಮ್ಮ ಕಡೆ ನೋಡಿದ್ದೇನೆ. ಒಂದು ಶಿಲೀಂಧ್ರನಾಶಕ, ಇನ್ನೊಂದು ಶಿಲೀಂಧ್ರ. ಎರಡಕ್ಕೂ ದುಡ್ಡು ಕೊಟ್ಟಿರುತ್ತಾರೆ.

ನಿವೃತ್ತ ಪ್ರಯೋಗಾಲಯ ಸಹಾಯಕ, ಧಾರವಾಡ | ಏಪ್ರಿಲ್ 16

ಪೀಪಾಯಿಯ ಬಗ್ಗೆ: ಜೀವಾಮೃತ ಹಲವು ಜೀವಿಗಳ ಸಂತೆ, ಅಲ್ಲಿ ಯಾರು ಬಂದರೂ ನಡೆಯುತ್ತದೆ, ಮಾಡಿದ ಒಂದು ವಾರದೊಳಗೆ ಹೊಲಕ್ಕೆ ಹಾಕಿಬಿಡುತ್ತೀರಿ. ಆದರೆ ತೆರೆದ ಪೀಪಾಯಿಯ ಬೆಲ್ಲದ ನೀರಿಗೆ ಅಜೋಟೋಬ್ಯಾಕ್ಟರ್ ಸುರಿದರೆ, ಬೆಲ್ಲದಲ್ಲಿ ಮತ್ತು ಗಾಳಿಯಲ್ಲಿ ಮೊದಲೇ ಇರುವ ಹುಳಿಯ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಅದಕ್ಕಿಂತ ಬೇಗ ಹೆಚ್ಚುತ್ತವೆ. ಮೂರನೆಯ ದಿನ ನೀವು ಅಜೋಟೋಬ್ಯಾಕ್ಟರ್ ಎಂದು ಕರೆಯುವ ದ್ರವದಲ್ಲಿ ಅದರ ಹೆಸರು ಮಾತ್ರ ಉಳಿದಿರಬಹುದು. ಪ್ರಯೋಗಾಲಯದಲ್ಲಿ ಮಾಧ್ಯಮವನ್ನು 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಬೇಯಿಸಿ, ತಣಿಸಿ, ಆಮೇಲೆ ಬಿತ್ತುವುದು ಇದೇ ಕಾರಣಕ್ಕೆ. ಮಾರಾಟಕ್ಕೆ ಅದನ್ನು ಮಾಡಬೇಡಿ.

ಕುಂದಗೋಳದವರು ಖಾಸಗಿಯಾಗಿ ವರದಿ ಓದುವ ಬಗೆ ಕೇಳಿದ್ದರು, ಎಲ್ಲರಿಗೂ ಉಪಯೋಗವಾದೀತೆಂದು ಇಲ್ಲಿಯೇ ಬರೆಯುತ್ತೇನೆ. 10 ಗ್ರಾಂ ಗೊಬ್ಬರವನ್ನು 90 ಮಿಲಿಲೀಟರ್ ಶುದ್ಧ ನೀರಿನಲ್ಲಿ ಅಲುಗಾಡಿಸಿದರೆ ಹತ್ತು ಪಟ್ಟು ತೆಳುವಾಯಿತು. ಅದರ 1 ಮಿಲಿಲೀಟರನ್ನು 9 ಮಿಲಿಲೀಟರ್ ನೀರಿಗೆ ಹಾಕಿದರೆ ನೂರು ಪಟ್ಟು. ಹೀಗೆ ಒಂದು ಲಕ್ಷ ಪಟ್ಟು ತೆಳುವಾಗುವವರೆಗೆ ಇಳಿಸಿ, ಕೊನೆಯದರ 0.1 ಮಿಲಿಲೀಟರನ್ನು ತಟ್ಟೆಯ ಮೇಲೆ ಹರಡಿ, ಕೆಲವು ದಿನದ ನಂತರ 42 ವಸಾಹತು ಎಣಿಸಿದೆವೆಂದು ಇಟ್ಟುಕೊಳ್ಳಿ. 42ನ್ನು ಹತ್ತರಿಂದಲೂ ಒಂದು ಲಕ್ಷದಿಂದಲೂ ಗುಣಿಸಿದರೆ ಗ್ರಾಮಿಗೆ 4 ಕೋಟಿ 20 ಲಕ್ಷ. ತಟ್ಟೆಯಲ್ಲಿ 30ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಹೆಚ್ಚು ಇದ್ದರೆ ಆ ತಟ್ಟೆಯನ್ನು ನಂಬುವುದಿಲ್ಲ. ವರದಿಯಲ್ಲಿ ಎಷ್ಟು ತೆಳು ಮಾಡಿದರು, ಯಾವ ಮಾಧ್ಯಮ ಬಳಸಿದರು, ಎಷ್ಟು ತಟ್ಟೆ ಎಣಿಸಿದರು ಎಂದು ಬರೆದಿಲ್ಲವಾದರೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ಕುಂದಗೋಳದ ಗೊಬ್ಬರ ಘಟಕ | ಮೇ 27

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಹೇಳಿದ್ದನ್ನು ಮಾಡಿ ನೋಡಿಯೇ ಬರೆಯಬೇಕೆಂದಿದ್ದೆವು. ಅಂಗಡಿಯವರು ಹೇಳಿದಂತೆ ತಗಡಿನ ಶೆಡ್ಡಿನ ಮೇಲಿನ ಚೀಲ ಅಳೆದೆವು, ಮಧ್ಯಾಹ್ನ 46 ಡಿಗ್ರಿ ಇತ್ತು. ರಂಜಕದ ಬಾಟಲಿಯ ಲೇಬಲ್ ಓದಿದೆವು, ಸುಡೋಮೊನಾಸ್. ಅಂದರೆ ಆ 30 ಲಕ್ಷದ ಬಗ್ಗೆ ಸರ್ ಹೇಳಿದ್ದೇ ನಿಜವೆನ್ನಿಸಿತು.

ಎರಡು ಪ್ರಯೋಗ ಮಾಡಿದೆವು. ಮೊದಲನೆಯದರಲ್ಲಿ ಬರೀ ಗುಳಿಗೆ ಒತ್ತಿ, ಒಂದು ರಾತ್ರಿ ಆರಿಸಿ, ಮರುದಿನ ಅಜೋಟೋಬ್ಯಾಕ್ಟರ್ ಸಿಂಪಡಿಸಿ ನೆರಳಿನಲ್ಲಿ ಒಣಗಿಸಿದೆವು. ಸಿಂಪಡಿಸಿದ ಮರುದಿನ ಗ್ರಾಮಿಗೆ 1 ಲಕ್ಷ 20 ಸಾವಿರ ಇತ್ತು. ಅದೇ ಚೀಲದ ಅರ್ಧವನ್ನು ತಗಡಿನ ಶೆಡ್ಡಿನಲ್ಲೂ ಅರ್ಧವನ್ನು ಹಳೆಯ ಮಣ್ಣಿನ ಮನೆಯಲ್ಲೂ ಇಟ್ಟು ತಿಂಗಳ ನಂತರ ಕಳುಹಿಸಿದಾಗ, ಶೆಡ್ಡಿನದ್ದು ಸಾವಿರಕ್ಕಿಂತ ಕೆಳಗೆ ಇಳಿದಿತ್ತು, ಮಣ್ಣಿನ ಮನೆಯದು 20 ಸಾವಿರದ ಸುಮಾರಿಗೆ ಇತ್ತು. ಗೋಡೆಯಿಂದಲೇ ಇಷ್ಟು ವ್ಯತ್ಯಾಸವಾಗುತ್ತದೆಂದು ನಾವು ಎಣಿಸಿರಲಿಲ್ಲ.

ಎರಡನೆಯದರಲ್ಲಿ ಅಕ್ಕಾವ್ರ ಕ್ರಮದಂತೆ ಜರಡಿ ಹಿಡಿದ ಪುಡಿ ಗೊಬ್ಬರವನ್ನು ಮುಷ್ಟಿಯ ಹದಕ್ಕೆ ತಂದು, ಬೇವಿನ ಮರದ ಕೆಳಗೆ ಗೋಣಿ ತಟ್ಟು ಮುಚ್ಚಿ 12 ದಿನ ಅಜೋಟೋಬ್ಯಾಕ್ಟರ್ ಬೆಳೆಸಿದೆವು. ಹತ್ತು ಸಾವಿರ ಪಟ್ಟು ತೆಳುವಾದ ತಟ್ಟೆಯಲ್ಲಿ 61 ವಸಾಹತು, ಎಂದರೆ ಗ್ರಾಮಿಗೆ 61 ಲಕ್ಷ. ಎಣಿಸಿದ ತಟ್ಟೆಯ ಚಿತ್ರವನ್ನೂ ಕೇಳಿ ತರಿಸಿಕೊಂಡೆವು. ಅದೇ ಟನ್ನಿಗೆ 2 ಲೀಟರ್ ಬಾಟಲಿಯೇ, ಒಂದು ಹನಿ ಹೆಚ್ಚು ಹಾಕಿಲ್ಲ. ಎಲ್ಲವೂ ನಾವು ಹಾಕಿದ ಜಾತಿಯೇ ಎಂದು ಎದೆ ತಟ್ಟಿ ಹೇಳಲಾರೆವು, ತಟ್ಟೆ ಅದನ್ನು ಹೇಳುವುದಿಲ್ಲ ಎಂದು ಈಗ ಗೊತ್ತಿದೆ. ಆದರೂ ಬೆರೆಸುವ ಮೊದಲಿನ ಗೊಬ್ಬರದ ಮಾದರಿಯನ್ನೂ ಕಳುಹಿಸಿದ್ದೆವು, ಅದರಲ್ಲಿ ಅಜೋಟೋಬ್ಯಾಕ್ಟರ್ ಗ್ರಾಮಿಗೆ ಕೆಲವು ಸಾವಿರ ಮಾತ್ರ ಇತ್ತು.

ಹೀಗಾಗಿ ಈ ಮುಂಗಾರಿಗೆ ಹಸಿ ಹದದ ಪುಡಿ ಗೊಬ್ಬರವನ್ನು ಮೊದಲೇ ಹೇಳಿದವರಿಗೆ ಮಾತ್ರ ಬೆಳೆಸಿ ಕೊಡುತ್ತೇವೆ. ತುಂಬಿದ ಹತ್ತು ದಿನದೊಳಗೆ ಹೊಲಕ್ಕೆ ಹಾಕಬೇಕು. ಗುಳಿಗೆ ಬೇಕೆಂದವರಿಗೆ ಗುಳಿಗೆ ಗುಳಿಗೆಯಾಗಿಯೇ ಸಿಗುತ್ತದೆ. ಅಚ್ಚು ಹಾಕಿಸಿದ ಹಳೆಯ ಚೀಲಗಳಲ್ಲಿ ಜೀವಾಣುವಿನ ಸಾಲಿನ ಮೇಲೆ ಕರಿ ಬಣ್ಣ ಬಳಿಯುತ್ತಿದ್ದೇವೆ. ದಿನಕ್ಕೆ ನೂರು ಆಗುತ್ತವೆ, ಇನ್ನೂ 600 ಬಾಕಿ ಇವೆ.

ನರಗುಂದದ ತಿಪ್ಪೆಯವರು | ಮೇ 28

ಪುಡಿ ಗೊಬ್ಬರ ನನಗೆ ಬೇಡ, ತಿಪ್ಪೆ ಮನೆಯಲ್ಲೇ ಇದೆ. ಒಂದು ಬಾಟಲಿ ಕಳುಹಿಸಿರಿ. ಅರ್ಧ ತಿಪ್ಪೆಗೆ ಹಾಕಿ ಅರ್ಧ ಹಾಗೆಯೇ ಬಿಟ್ಟು, ಎರಡನ್ನೂ ಬೇರೆ ಬೇರೆ ಹೊಲಕ್ಕೆ ಹಾಕಿ ಹೆಸರು ಬಿತ್ತುತ್ತೇನೆ. ನೀರು ಎಂತಹದ್ದು ಎಂದು ಕೇಳುವವರಿಗೆ ಮೊದಲೇ ಹೇಳುತ್ತೇನೆ: ಕೆರೆಯದು, ಬೋರಿನದಲ್ಲ.